ಮನೆಯಲ್ಲಿ ಬೇಸ್ ಗಿಟಾರ್ ಕಟ್ಟುವವರಿಗೆ: ಯಾವ ಆಯ್ಕೆ ಮೊದಲು, ಯಾವುದು ಆಮೇಲೆ

ನಾನು ಕಟ್ಟಿದ ಮೊದಲ ಬೇಸ್ ಗಿಟಾರ್ ನಮ್ಮ ಹಾಲ್‌ನ ಗೋಡೆಯಲ್ಲಿ ನೇತಾಡುತ್ತಿದೆ. ಬಂದವರೆಲ್ಲ ಹೊಗಳುತ್ತಾರೆ. ತೇಗದ ಬಣ್ಣವೂ ಅರಗಿನ ಪಾಲಿಶ್ಶೂ ಸೊಗಸಾಗಿ ಬಂದಿವೆ. ನುಡಿಸಲು ಮಾತ್ರ ಬರುವುದಿಲ್ಲ. ಬೆರಳಾಡುವ ಉದ್ದನೆಯ ಕತ್ತು, ಅಂದರೆ ನೆಕ್ಕು, ಬಾಡಿಗೆ ಕೂಡುವ ಕೋನ ಒಂದು ಡಿಗ್ರಿಗಿಂತ ಕಡಿಮೆ ತಪ್ಪಿದೆ, ಅಷ್ಟಕ್ಕೇ 12ನೇ ಫ್ರೆಟ್ಟಿನ (ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಮೇಲೆ ತಂತಿ 5 ಮಿ.ಮೀ. ಎತ್ತರದಲ್ಲಿ ನಿಂತಿದೆ. ಬಾಡಿಯ ಮೇಲೆ ತಂತಿಯ ತುದಿ ಹಿಡಿಯುವ ಬ್ರಿಜ್ಜಿನಲ್ಲಿ ತಂತಿ ಹೊರುವ ಸ್ಯಾಡಲ್‌ಗಳನ್ನು ತಳಕ್ಕೆ ಇಳಿಸಿದ್ದಾಯಿತು, ಬ್ರಿಜ್ ಕೂರುವ ಜಾಗವನ್ನೇ ಕೆತ್ತಿ ತಗ್ಗಿಸಿದ್ದೂ ಆಯಿತು. ನೆಕ್ಕೂ ಬಾಡಿಯ ನಡುಭಾಗವೂ ಒಂದೇ ಮರ. ಬಿಚ್ಚೋಣವೆಂದರೆ ಬಿಚ್ಚುವುದಕ್ಕೆ ಏನೂ ಇಲ್ಲ.

ಆ ಬೇಸ್‌ಗೆ ಮರ ಆರಿಸಲು ಮೂರು ತಿಂಗಳು ಓದಿದ್ದೆ, ತಂತಿಯ ಕಂಪನವನ್ನು ಕರೆಂಟಾಗಿಸುವ ಪಿಕಪ್ಪಿಗೆ ಒಂದು ತಿಂಗಳು. ನೆಕ್ಕನ್ನು ಹೇಗೆ ಕೂರಿಸುವುದೆಂದು ತೀರ್ಮಾನಿಸಿದ್ದು ಒಂದು ಸಂಜೆ, ಕಾಫಿ ಕುಡಿಯುವಷ್ಟರಲ್ಲಿ. ಆಗಬೇಕಿದ್ದದ್ದು ಇದರ ತಲೆಕೆಳಗು. ಈಗ ನಾಲ್ಕನೆಯದು ಬೆಂಚಿನ ಮೇಲಿದೆ. ಪ್ರತಿ ಆಯ್ಕೆಯ ಮುಂದೆಯೂ ನಾನು ಕೇಳಿಕೊಳ್ಳುವುದು ಒಂದೇ: ಇದು ತಪ್ಪಾದರೆ ಸ್ಕ್ರೂಡ್ರೈವರ್‌ನಲ್ಲಿ ಸರಿಹೋಗುತ್ತದೆಯೇ, ಉಳಿ ಹಿಡಿಯಬೇಕಾಗುತ್ತದೆಯೇ, ಅಥವಾ ನೀರೊಲೆಗೆ ಹಾಕಬೇಕೇ? ಕೆಳಗಿನ ಹೋಲಿಕೆಗಳನ್ನು ಇದೇ ಸಾಲಿನಲ್ಲಿ ಇಟ್ಟಿದ್ದೇನೆ. ನೀರೊಲೆಗೆ ಹೋಗುವಂಥವು ಮೊದಲು.

ನೆಕ್: ಸ್ಕ್ರೂ, ಅಂಟು, ಇಲ್ಲವೇ ಉದ್ದಕ್ಕೂ ಒಂದೇ ಮರ

ನಾಲ್ಕು ತಂತಿಗಳನ್ನು ಶ್ರುತಿಗೆ ತಂದರೆ ನೆಕ್ಕಿನ ಮೇಲೆ ಬೀಳುವ ಎಳೆತ ಒಟ್ಟು 80 ಕೆ.ಜಿ.ಯ ಆಸುಪಾಸು. ಒಬ್ಬ ದಪ್ಪನೆಯ ಮನುಷ್ಯ ಹಗಲೂ ರಾತ್ರಿ ಜೋತುಬಿದ್ದಂತೆ. ಈ ಭಾರ ಹೊರುವ ಜೋಡಣೆಯಲ್ಲಿ ಮೂರು ಬಗೆ.

ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ನೆಕ್ಕನ್ನು ನಾಲ್ಕು ಸ್ಕ್ರೂಗಳಲ್ಲಿ ಬಿಗಿದ. ರೇಡಿಯೋ ರಿಪೇರಿ ಮಾಡುತ್ತಿದ್ದವನು, ಕೆಟ್ಟದ್ದನ್ನು ಬಿಚ್ಚಿ ಬೇರೆಯದು ಹಾಕುವುದು ಅವನಿಗೆ ಕೈಬಂದ ದಾರಿ. 1953ರಲ್ಲಿ ಬಂದ ಗಿಬ್ಸನ್ ಎಲೆಕ್ಟ್ರಿಕ್ ಬೇಸ್‌ನಲ್ಲಿ ನೆಕ್ಕನ್ನು ಪಿಟೀಲಿನ ಹಾಗೆ ಅಂಟಿಸಿದ್ದರು. 1957ರ ರಿಕನ್‌ಬ್ಯಾಕರ್ 4000ದಲ್ಲಿ ನೆಕ್ಕಿನ ಮರವೇ ಬಾಡಿಯ ನಡುವೆ ತಳದವರೆಗೂ ಹಾದುಹೋಗುತ್ತದೆ, ಎರಡು ಪಕ್ಕಕ್ಕೆ ರೆಕ್ಕೆಗಳನ್ನು ಅಂಟಿಸಿರುತ್ತಾರೆ. ನೆಕ್-ಥ್ರೂ ಎನ್ನುವುದು ಇದನ್ನೇ.

ನೆಕ್-ಥ್ರೂ ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಮೇಲಿನ ಫ್ರೆಟ್ಟುಗಳಿಗೆ ಕೈ ಸಲೀಸಾಗಿ ಹೋಗುತ್ತದೆ. ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದೂ ಹೇಳುತ್ತಾರೆ; ಕಣ್ಣು ಮುಚ್ಚಿ ಕೇಳಿದಾಗ ನನಗಂತೂ ವ್ಯತ್ಯಾಸ ತಿಳಿಯಲಿಲ್ಲ. ಕಷ್ಟ ಬೇರೆ ಕಡೆ ಇದೆ. ಕೋನ, ನೆಕ್ಕಿನ ಎತ್ತರ, ಬ್ರಿಜ್ಜಿನ ಜಾಗ, ಮೂರೂ ಮರ ಕೊಯ್ಯುವ ಮೊದಲೇ ಕಾಗದದ ಮೇಲೆ ಸರಿಯಾಗಿರಬೇಕು. ನೇರವಾದ, ಗಂಟಿಲ್ಲದ ನಾಲ್ಕು ಅಡಿ ಮರ ಬೇಕು. ಸ್ಕ್ರೂ ನೆಕ್ಕಿಗೆ ಮೂರು ಅಡಿ ಸಾಕು. ಸಾ ಮಿಲ್‌ನಲ್ಲಿ ಆ ಒಂದು ಅಡಿ ಹೆಚ್ಚಿಗೆ ಹುಡುಕುವುದು ಎಂಥ ಕಷ್ಟ ಎಂದು ಹೋಗಿ ನೋಡಿದವರಿಗೇ ಗೊತ್ತು. ಎರಡೂವರೆ ಅಡಿಗೊಂದು ಗಂಟು ಸಿಕ್ಕೇ ಸಿಗುತ್ತದೆ.

ಅಂಟಿಸುವ ನೆಕ್ ನಡುವಿನದು, ಆದರೆ ಎರಡರ ಕಷ್ಟವೂ ಅದಕ್ಕಿದೆ. ಬಾಡಿಯಲ್ಲಿ ನೆಕ್ಕು ಕೂರುವ ಗುಂಡಿಯನ್ನು, ಅಂದರೆ ಪಾಕೆಟ್ಟನ್ನು, ಸ್ಕ್ರೂ ನೆಕ್ಕಿನಷ್ಟೇ ನಿಖರವಾಗಿ ಕೊರೆಯಬೇಕು, ಅಂಟು ಒಣಗಿದ ಮೇಲೆ ನೆಕ್-ಥ್ರೂ ಹಾಗೆಯೇ ಕೈಬಿಟ್ಟು ಹೋಗುತ್ತದೆ. ಮೊದಲ ಸಲಕ್ಕೆ ಇದನ್ನು ಯಾಕೆ ಆರಿಸಬೇಕೋ ನನಗೆ ತಿಳಿಯದು.

ಸ್ಕ್ರೂ ನೆಕ್ಕಿನ ಲಾಭವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. 45 ಮಿ.ಮೀ. ದಪ್ಪದ ಬಾಡಿಯಲ್ಲಿ 16 ಮಿ.ಮೀ. ಆಳದ ಪಾಕೆಟ್ ಕೊರೆಯುತ್ತೀರಿ. ಟೆಂಪ್ಲೇಟಿನ ಅಂಚು ಹಿಡಿದು ಓಡುವ ಬೇರಿಂಗ್ ಬಿಟ್, ಮರ ಕೊರೆಯುವ ರೂಟರ್ ಯಂತ್ರದಲ್ಲಿದ್ದರೆ ಅರ್ಧ ಗಂಟೆಯ ಕೆಲಸ. ಸ್ಕ್ರೂ ಹಾಕದೆ ನೆಕ್ಕನ್ನು ಪಾಕೆಟ್ಟಿಗೆ ಒತ್ತಿ ಮೇಲಕ್ಕೆತ್ತಿ. ಬಾಡಿಯೂ ಜೊತೆಗೆ ಎದ್ದು ಬಂದರೆ ಹಿಡಿತ ಸರಿಯಾಗಿದೆ. ಎರಡನೇ ಬೇಸ್‌ನಲ್ಲಿ ಅಷ್ಟೂ ಆಯಿತು, ಆದರೆ ತಂತಿ ಮತ್ತೆ ಎತ್ತರವೇ ನಿಂತಿತು. ಹಳೆಯ ತಪ್ಪೇ! ಆದರೆ ಈ ಸಲ ಸ್ಕ್ರೂ ಸಡಿಲಿಸಿ, ಮನೆಯಲ್ಲಿ ಬಿದ್ದಿದ್ದ ಒಂದು ಲಗ್ನಪತ್ರಿಕೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ ಪಾಕೆಟ್ಟಿನ ಒಳಗಿನ ತುದಿಗೆ, ಅಂದರೆ ಬ್ರಿಜ್ಜಿನ ಕಡೆಗೆ, ಇಟ್ಟೆ. ಪಟ್ಟಿಯ ದಪ್ಪ 0.3 ಮಿ.ಮೀ. ಪಾಕೆಟ್ಟಿನ ಉದ್ದ 75 ಮಿ.ಮೀ. ಆದ್ದರಿಂದ ನೆಕ್ಕು ಕೂದಲೆಳೆಯಷ್ಟು ಹಿಂದಕ್ಕೆ ವಾಲಿತು. ಆ ವಾಲಿಕೆ ಪಾಕೆಟ್ಟಿನ ಬಾಯಿಯಿಂದ 330 ಮಿ.ಮೀ. ದೂರದ ಬ್ರಿಜ್ ತಲುಪುವಾಗ 1.3 ಮಿ.ಮೀ. ಆಗಿರುತ್ತದೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಮದುವೆಯಾದವರು ಈಗ ಬೇರೆ ಊರಿನಲ್ಲಿದ್ದಾರೆ, ಅವರ ಪತ್ರಿಕೆಯ ಚೂರು ಇನ್ನೂ ಒಳಗೇ ಇದೆ.

ಆಗಾಗ ಬಿಚ್ಚುವ ಅಭ್ಯಾಸವಿದ್ದರೆ ಮರದ ಸ್ಕ್ರೂ ಬದಲು ನೆಕ್ಕಿನೊಳಗೆ ಹಿತ್ತಾಳೆಯ ಥ್ರೆಡ್ ಇನ್ಸರ್ಟ್ ಕೂರಿಸಿ ಬೋಲ್ಟ್ ಬಳಸಿ. ಮರದ ತೂತು ನಾಲ್ಕಾರು ಸಲಕ್ಕೆ ಸವೆದುಹೋಗುತ್ತದೆ.

ಸ್ಕೇಲ್ ಉದ್ದ: 30, 34, 35

ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ನಟ್‌ನಿಂದ ಬ್ರಿಜ್‌ವರೆಗೆ ತಂತಿ ಮಿಡಿಯುವ ಉದ್ದವೇ ಸ್ಕೇಲ್. ಫೆಂಡರ್ 34 ಇಂಚು ಇಟ್ಟ, ಲೋಕವೆಲ್ಲ ಅದನ್ನೇ ಹಿಡಿಯಿತು. ಗಿಬ್ಸನ್ 30.5, ಹಾಫ್ನರ್‌ನ ಪಿಟೀಲು ಆಕಾರದ ಬೇಸ್ 30. ಐದು ತಂತಿಯವರು ಕೆಳಗಿನ ಬಿ ತಂತಿ ಬಿಗಿಯಾಗಿರಲೆಂದು 35ಕ್ಕೆ ಹೋಗುತ್ತಾರೆ.

ಅದೇ ತಂತಿ, ಅದೇ ಶ್ರುತಿಯಾದರೆ ಎಳೆತ ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 34ರಿಂದ 30ಕ್ಕೆ ಬಂದರೆ ಎಳೆತ ಶೇ. 22ರಷ್ಟು ಇಳಿಯುತ್ತದೆ, 35ಕ್ಕೆ ಹೋದರೆ ಶೇ. 6ರಷ್ಟು ಏರುತ್ತದೆ. 30 ಇಂಚಿನಲ್ಲಿ ಮೊದಲ ಫ್ರೆಟ್ಟಿನ ಅಗಲ 42.8 ಮಿ.ಮೀ., 34ರಲ್ಲಿ 48.5. ಸಣ್ಣ ಕೈಯವರಿಗೆ, ಮಕ್ಕಳಿಗೆ, ಲೀಡ್ ಗಿಟಾರ್‌ನಿಂದ ಬಂದವರಿಗೆ 30 ಹಿತ. ನೆಕ್ಕಿನ ಮೇಲೂ ಭಾರ ಕಡಿಮೆ, ಆದ್ದರಿಂದ ಕಟ್ಟುವವನ ತಪ್ಪನ್ನೂ ತುಸು ಹೆಚ್ಚು ಸಹಿಸಿಕೊಳ್ಳುತ್ತದೆ. ಆದರೂ ಮೊದಲನೆಯದಕ್ಕೆ ನಾನು 34 ಎನ್ನುತ್ತೇನೆ. ಕಾರಣ ಅಂಗಡಿ. ನಮ್ಮ ಕಡೆ ಯಾವ ಮ್ಯೂಸಿಕ್ ಅಂಗಡಿಗೆ ಹೋದರೂ 34ರ ತಂತಿ ಸಿಗುತ್ತದೆ. 30ರದ್ದನ್ನು ತರಿಸಿಕೊಂಡು ಕಾಯಬೇಕು.

ಫ್ರೆಟ್ ಗುರುತು ಮಾಡುವಾಗ ಎಲ್ಲ ಅಳತೆಯನ್ನೂ ನಟ್‌ನಿಂದಲೇ ತೆಗೆಯಿರಿ. 34 ಇಂಚಿನ, ಅಂದರೆ 863.6 ಮಿ.ಮೀ. ಸ್ಕೇಲಿಗೆ ಮೊದಲ ಫ್ರೆಟ್ 48.5ರಲ್ಲಿ, ಐದನೆಯದು 216.6ರಲ್ಲಿ, ಏಳನೆಯದು 287.2ರಲ್ಲಿ, 12ನೆಯದು ಸರಿಯಾಗಿ ಅರ್ಧಕ್ಕೆ, 431.8ರಲ್ಲಿ. ಹಿಂದಿನ ಫ್ರೆಟ್‌ನಿಂದ ಮುಂದಿನದನ್ನು ಅಳೆಯುತ್ತಾ ಹೋದರೆ ಒಂದೊಂದರ ಕೂದಲೆಳೆಯ ತಪ್ಪೂ ಕೂಡುತ್ತಾ ಹೋಗಿ 20ನೆಯದರ ಹೊತ್ತಿಗೆ ಅಪಸ್ವರವಾಗುತ್ತದೆ. ಕಂಪ್ಯೂಟರ್‌ನಲ್ಲಿ ಬರೆದ ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸುವವರು ಅಲ್ಲಿಯೇ ಅಡಿಪಟ್ಟಿ ಇಟ್ಟು ಅಳೆಯಿರಿ. ನನ್ನದು ‘ಪೇಜಿಗೆ ಹೊಂದಿಸು’ ಆಯ್ಕೆಯಲ್ಲಿ ಶೇ. 3ರಷ್ಟು ಕುಗ್ಗಿ ಬಂದಿತ್ತು. ಗೊತ್ತಾಗಿದ್ದು ಫ್ರೆಟ್ ಕೂರುವ ಏಳು ಸ್ಲಾಟ್ ಕೊಯ್ದ ಮೇಲೆ.

ಎಲ್ಲವನ್ನೂ ನೀವೇ ಮಾಡಬೇಕೇ?

ಕಿಟ್ ತಂದು ಜೋಡಿಸಬಹುದು, ಸಿದ್ಧ ನೆಕ್ ತಂದು ಬಾಡಿ ಮಾತ್ರ ಮಾಡಬಹುದು, ಎಲ್ಲವನ್ನೂ ಮರದಿಂದಲೇ ಶುರುಮಾಡಬಹುದು. ಕಿಟ್‌ನಲ್ಲಿ ವೈರಿಂಗ್ ಮತ್ತು ಪಾಲಿಶ್ ಕಲಿಯುತ್ತೀರಿ, ಮರಗೆಲಸ ಕಲಿಯುವುದಿಲ್ಲ. ಸಿದ್ಧ ನೆಕ್ ಒಳ್ಳೆಯ ದಾರಿಯೇ, ಬಾಡಿಯ ಆಕಾರದಲ್ಲಿ ಮನಸ್ಸಿಗೆ ಬಂದಂತೆ ಆಡಬಹುದು. ಇವುಗಳ ನಡುವೆ ಯಾರೂ ಅಷ್ಟಾಗಿ ಹೇಳದ ಇನ್ನೊಂದಿದೆ: ನೆಕ್ ನೀವೇ ಮಾಡಿ, ಅದರ ಮೇಲೆ ಅಂಟಿಸುವ, ಸ್ಲಾಟ್ ಕೊಯ್ದ ಫ್ರೆಟ್‌ಬೋರ್ಡ್ ಹಲಗೆ ಮಾತ್ರ ಕೊಂಡುಕೊಳ್ಳಿ. ಬೇರೆ ಕೆಲಸಕ್ಕೆ ಅಷ್ಟಾಗಿ ಬಾರದ 0.6 ಮಿ.ಮೀ. ಗರಗಸಕ್ಕೆ ದುಡ್ಡು ಹಾಕುವುದೂ ತಪ್ಪುತ್ತದೆ, ಜೆರಾಕ್ಸ್ ಅಂಗಡಿಯ ಪುರಾಣವೂ ತಪ್ಪುತ್ತದೆ. ನನ್ನ ಮೂರನೆಯದು ಹೀಗೆಯೇ ಆದದ್ದು, ಮೂರರಲ್ಲಿ ಸ್ವರ ಚೆನ್ನಾಗಿ ಕೂತಿರುವುದೂ ಅದರಲ್ಲಿಯೇ.

ಮರ: ತೂಕ ನೋಡಿ, ನಾದ ಆಮೇಲೆ

ಬಾಡಿಯ ಮರದ ಬಗ್ಗೆ ನಡೆಯುವಷ್ಟು ಜಗಳ ಬೇರೆ ಯಾವುದರ ಬಗ್ಗೆಯೂ ನಡೆಯುವುದಿಲ್ಲ. ಪಿಕಪ್ ಕೇಳುವುದು ಉಕ್ಕಿನ ತಂತಿಯ ಕಂಪನವನ್ನು. ವೀಣೆಯ ಹಾಗೆ ಕೊಡದೊಳಗಿನ ಗಾಳಿ ನಾದ ಕೊಡುವ ವಾದ್ಯವಲ್ಲ ಇದು. ನಮ್ಮ ಬೀದಿಯ ಆಚಾರ್ರು ಮೊದಲ ಸಲ ನೋಡಿದಾಗ ಕೇಳಿದ್ದೂ ಅದನ್ನೇ: ‘ಕೊಡವೇ ಇಲ್ವಲ್ಲ ಸಾರ್, ಎಲ್ಲಿಂದ ಕೇಳ್ಸುತ್ತೆ?’ ಹಾಗಾಗಿ ಬಾಡಿಗೆ ನಾನು ಕೇಳುವುದು ಎರಡೇ: ಎಷ್ಟು ಭಾರ, ಎಷ್ಟು ಒಣಗಿದೆ.

ಪ್ರಿಸಿಷನ್ ಆಕಾರದ ಬಾಡಿ ಸುಮಾರು 4500 ಘನ ಸೆಂ.ಮೀ. ಮರ. ಅಮೆರಿಕದವರು ಬಳಸುವ ಆಲ್ಡರ್‌ನಲ್ಲಿ ಅದು 2 ಕೆ.ಜಿ. ತೂಗುತ್ತದೆ. ಸಿಲ್ವರ್ ಓಕ್‌ನಲ್ಲಿ ಎರಡೂವರೆಯಿಂದ ಎರಡೂಮುಕ್ಕಾಲು, ತೇಗದಲ್ಲಿ ಮೂರರ ಹತ್ತಿರ, ಬೀಟೆಯಲ್ಲಿ ಮೂರೂವರೆ ದಾಟುತ್ತದೆ. ನೆಕ್, ಬ್ರಿಜ್, ತಂತಿ ಬಿಗಿಯುವ ಟ್ಯೂನರ್‌ಗಳಿಗೆ ಇನ್ನೆರಡು ಕೆ.ಜಿ. ಕೂಡಿಸಿ. ಎರಡು ಗಂಟೆ ನಿಂತು ನುಡಿಸಿದ ಮೇಲೆ ಬೀಟೆಯ ಬಾಡಿಯ ನಾದದ ಬಗ್ಗೆ ಮಾತಾಡುವ ಉತ್ಸಾಹ ಭುಜಕ್ಕೆ ಉಳಿದಿರುವುದಿಲ್ಲ.

ಹಾಗೆಂದು ತೀರಾ ಹಗುರವೂ ಬೇಡ. ಹೆಬ್ಬೇವಿನ ಬಾಡಿ ಮಾಡಿದರೆ ಉಗುರು ತಾಗಿದರೂ ಗುರುತು ಬೀಳುತ್ತದೆ, ಅದಕ್ಕಿಂತ ಹೆಚ್ಚಾಗಿ ಕೈಬಿಟ್ಟ ಕೂಡಲೇ ನೆಕ್ಕು ನೆಲದ ಕಡೆ ವಾಲುತ್ತದೆ. ಹಳೆ ಮಾದರಿಯ ನಾಲ್ಕು ದೊಡ್ಡ ಟ್ಯೂನರ್‌ಗಳೇ 400 ಗ್ರಾಂ ದಾಟುತ್ತವೆ, ಅವಿರುವುದು ತುತ್ತತುದಿಯಲ್ಲಿ. ಬಾಡಿಯ ಮೇಲಿನ ಕೊಂಬನ್ನು 12ನೇ ಫ್ರೆಟ್ಟಿನವರೆಗೆ ಚಾಚಿ ಅಲ್ಲಿ ಹೆಗಲಪಟ್ಟಿ ಸಿಕ್ಕಿಸುವ ಗುಂಡಿ ಇಟ್ಟರೆ ತೂಕ ಸಮವಾಗುತ್ತದೆ. ಹಗುರ ಟ್ಯೂನರ್ ಹಾಕಿದರೂ ಆದೀತು, ಅದು ಸ್ಕ್ರೂಡ್ರೈವರ್ ಕೆಲಸ.

ನನ್ನ ಆಯ್ಕೆ ಸಿಲ್ವರ್ ಓಕ್. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸಿ ಮೆಣಸಿನ ಬಳ್ಳಿ ಹಬ್ಬಿಸುವ ಮರ. ಯಾರೂ ಇದನ್ನು ದೊಡ್ಡ ಮರವೆಂದು ಲೆಕ್ಕಕ್ಕಿಡುವುದಿಲ್ಲ, ಆದರೆ ತಿರುಳಿನಿಂದ ಹೊರಕ್ಕೆ ಸರಿಯಾದ ದಿಕ್ಕಿನಲ್ಲಿ ಕೊಯ್ದರೆ ಜರಿಯಂತೆ ಹೊಳೆಯುವ ಚುಕ್ಕಿಗಳು ಏಳುತ್ತವೆ. ಹಲಸೂ ಚೆನ್ನ. ವೀಣೆಯವರು ಅದನ್ನೇ ನಂಬಿದವರು. ಕೊಯ್ದಾಗ ಅರಿಶಿನದಂತೆ ಹಳದಿ, ವರ್ಷ ಕಳೆದಂತೆ ಜೇನುಕಂದು. ಚೇಗು ಮಾತ್ರ ತೆಗೆದುಕೊಳ್ಳಿ, ಹೊರಗಿನ ಬಿಳಿ ಮರಕ್ಕೆ ಹುಳು ಬೀಳುತ್ತದೆ.

ನೆಕ್ಕಿಗೆ ಲೆಕ್ಕಾಚಾರವೇ ಬೇರೆ. ಅಲ್ಲಿ ಬಿಗಿತ ಬೇಕು, ಅದಕ್ಕಿಂತ ಮೊದಲು ಅಲುಗದ ಗುಣ ಬೇಕು. ಪಾಶ್ಚಾತ್ಯರು ಬಳಸುವ ಹಾರ್ಡ್ ಮೇಪಲ್‌ಗೆ ತೇಗ ಬಿಗಿತದಲ್ಲಿ ಹತ್ತಿರವೇ ಬರುತ್ತದೆ. ಮಳೆಗಾಲ ಬೇಸಿಗೆಗಳ ನಡುವೆ ಹಿಗ್ಗಿ ಕುಗ್ಗುವುದರಲ್ಲಿ ಮೇಪಲ್‌ಗಿಂತ ವಾಸಿ. ಎರಡು ತೊಂದರೆ. ಅದರಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಿಡಿಯದೆ ಬಿಡಬಹುದು, ಆದ್ದರಿಂದ ಅಂಟಿಸುವ ಮುನ್ನ ಥಿನ್ನರ್‌ನಲ್ಲಿ ಒರೆಸಬೇಕು. ಅದರೊಳಗಿನ ಮರಳಿನಂಥ ಅಂಶಕ್ಕೆ ಉಳಿ, ಬಿಟ್ಟುಗಳ ಮೊನೆ ಬೇಗ ಮೊಂಡಾಗುತ್ತದೆ. ಮಾಸ್ಕ್ ಹಾಕದೆ ಉಜ್ಜಬೇಡಿ. ತೇಗ, ಬೀಟೆಗಳ ಧೂಳು ಕೆಲವರಿಗೆ ಚರ್ಮದ ತುರಿಕೆ, ಕೆಮ್ಮು ತರುತ್ತದೆ.

ಹೊಸ ತೇಗವೋ ಹಳೆಯದೋ? ಕೆಡವಿದ ಹಳೇ ಮನೆಗಳ ತೊಲೆ, ಬಾಗಿಲುವಾಡದ ಮರ ಐವತ್ತು ವರ್ಷ ಒಣಗಿರುತ್ತದೆ, ಇನ್ನು ತಿರುಚಿಕೊಳ್ಳುವುದು ಕಡಿಮೆ. ನಾನು ಅದನ್ನೇ ಹುಡುಕುತ್ತೇನೆ. ಆದರೆ ಕೊಯ್ಯುವ ಮೊದಲು ಮೇಲೆಲ್ಲ ಅಯಸ್ಕಾಂತ ಆಡಿಸಿ. ಒಮ್ಮೆ ತಲೆ ಮುರಿದ ಮೊಳೆಯೊಂದು ಒಳಗೇ ಉಳಿದಿತ್ತು. ರೂಟರ್ ತಾಗಿದಾಗ ಕಿಡಿ ಹಾರಿ, ಹೊಸ ಬಿಟ್ಟಿನ ಹಲ್ಲು ಕಿತ್ತು ಎದುರು ಗೋಡೆಗೆ ಹೊಡೆಯಿತು. ಕನ್ನಡಕ ಹಾಕಿದ್ದೆ. ಹೊಸ ಮರವಾದರೆ ನೆಕ್ಕಿನ ಅಳತೆಗಿಂತ ದಪ್ಪಗೆ ಕೊಯ್ಯಿಸಿ ಗಾಳಿಯಾಡುವಲ್ಲಿಡಿ, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಮುಟ್ಟಿ.

ಒಂದೇ ತುಂಡಿಗಿಂತ ಮೂರು ಪಟ್ಟಿ ಅಂಟಿಸಿದ ನೆಕ್ ಮೇಲು. ಒಂದೇ ಹಲಗೆಯನ್ನು ಉದ್ದಕ್ಕೆ ಮೂರಾಗಿ ಸೀಳಿ, ನಡುವಿನದನ್ನು ತುದಿ ಬದಲಿಸಿ ತಿರುಗಿಸಿ ಅಂಟಿಸಿದರೆ ಒಂದು ಎಡಕ್ಕೆ ಎಳೆದಾಗ ಇನ್ನೊಂದು ಬಲಕ್ಕೆ ಎಳೆಯುತ್ತದೆ. ನೆಕ್ಕಿನೊಳಗೆ ಕೂತು ಅದರ ಬಾಗು ತಿದ್ದುವ ಕಂಬಿಯಾದ ಟ್ರಸ್ ರಾಡ್‌ನಲ್ಲಿ ಎರಡೂ ಕಡೆಗೆ ಬಾಗಿಸಬಲ್ಲ ಡ್ಯುಯಲ್ ಆಕ್ಷನ್ನೇ ತೆಗೆದುಕೊಳ್ಳಿ. ನೇರ ಕಾಲುವೆ ಸಾಕು, ಹಳೆ ಬಗೆಯದಕ್ಕೆ ಬಾಗಿದ ಕಾಲುವೆ ಕೊರೆಯಬೇಕು. ಟ್ಯೂನರ್‌ಗಳಿರುವ ತಲೆ, ಅಂದರೆ ಹೆಡ್‌ಸ್ಟಾಕ್, ಫೆಂಡರ್ ಹಾಗೆ ಚಪ್ಪಟೆ ಇರಲಿ. ಹಿಂದಕ್ಕೆ ಬಾಗಿದ್ದು ಒಮ್ಮೆ ನೆಲಕ್ಕೆ ಬಿದ್ದರೆ ನಟ್ ಬಳಿ ಮುರಿಯುತ್ತದೆ.

ಬೀಟೆಯನ್ನು ಫ್ರೆಟ್‌ಬೋರ್ಡಿಗೆ ಉಳಿಸಿಕೊಳ್ಳಿ. ಲೋಕದ ಎಷ್ಟೋ ಗಿಟಾರ್‌ಗಳ ಫ್ರೆಟ್‌ಬೋರ್ಡು ನಮ್ಮ ಪಶ್ಚಿಮ ಘಟ್ಟದ ಕಡೆಯ ಈ ಮರದ್ದೇ. ಬಿಲ್ಲಿಲ್ಲದೆ ಮಾತ್ರ ಕೊಳ್ಳಬೇಡಿ. ಬೀಟೆಯ ಕುಲ ಪೂರ್ತಿ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಬಂತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಮರದ ತುಂಡಿಗಲ್ಲ. ಹೊರದೇಶದ ಗೆಳೆಯನಿಗೆ ಒಂದು ಹಲಗೆ ಕಳಿಸುತ್ತೇನೆ ಎಂದುಕೊಂಡವರು ಇದನ್ನು ನೆನಪಿಡಿ.

ಫ್ರೆಟ್ ಇರಲಿ, ಬೇಡವೇ?

ಫ್ರೆಟ್‌ಲೆಸ್ ಮಾಡಿದರೆ ಫ್ರೆಟ್ ಬಡಿಯುವ, ಸಮ ಮಾಡುವ ಕೆಲಸವೇ ಇಲ್ಲ ಎಂದು ಸುಲಭವಾಗಿ ಕಾಣುತ್ತದೆ. ಬೋರ್ಡು ಮಾತ್ರ ಗಾಜಿನಂತೆ ಸಮ ಇರಬೇಕು. ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ತನ್ನ ಫೆಂಡರ್ ಜಾಝ್ ಬೇಸ್‌ನ ಫ್ರೆಟ್‌ಗಳನ್ನು ತೆಗೆದು ಬೋರ್ಡಿಗೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದಿದ್ದ. ಇಲ್ಲವಾದರೆ ಸುರುಳಿ ಸುತ್ತಿದ ಒರಟು ತಂತಿ ಬೀಟೆಯನ್ನು ಅರದಂತೆ ತಿನ್ನುತ್ತದೆ. ಗಮಕದ ಆಸೆಯಿಂದ ಕರ್ನಾಟಕ ಸಂಗೀತ ನುಡಿಸುವವರು ಮಾಡಲಿ, ಚಪ್ಪಟೆ ತಂತಿ ಹಾಕಲಿ. ಉಳಿದವರು ಫ್ರೆಟ್ ಹಾಕಿ. ಬೇಡವೆನಿಸಿದರೆ ಆಮೇಲೆ ಕೀಳಬಹುದು, ಹಾಕುವುದೇ ಕಷ್ಟ.

ಪಿಕಪ್: ಇದಕ್ಕೆ ನಿದ್ದೆಗೆಡಬೇಡಿ

ಪಿ (ಪ್ರಿಸಿಷನ್) ಮಾದರಿಯ, ಎರಡು ಅರ್ಧಗಳಾಗಿರುವ ಪಿಕಪ್, 1957ರಿಂದ ಇರುವಂಥದ್ದು, ಒಂದು ವಾಲ್ಯೂಮ್, ಒಂದು ಟೋನ್. ಸಾಕು. ಎರಡು ಸಿಂಗಲ್ ಕಾಯಿಲ್ ಇರುವ ಜೆ (ಜಾಝ್ ಬೇಸ್) ಮಾದರಿಯಲ್ಲಿ ಬಣ್ಣ ಹೆಚ್ಚು, ಆದರೆ ಒಂದನ್ನು ತಗ್ಗಿಸಿದೊಡನೆ ಗುಂಯ್ ಎನ್ನುತ್ತದೆ. ನಮ್ಮ ಕರೆಂಟಿನ ಗುಂಯ್ 50 ಹರ್ಟ್ಸ್, ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49 ಹರ್ಟ್ಸ್. ಜಿಯಲ್ಲಿ ಹಾಡಿದರೆ ಗುಂಯ್ಯೂ ಶ್ರುತಿಪೆಟ್ಟಿಗೆಯಂತೆ ಜೊತೆಗೂಡುತ್ತದೆ, ತುಸು ಮೇಲಿನ ಶ್ರುತಿಯಲ್ಲಿ! ಪಿ ಪಿಕಪ್ಪಿನ ಎರಡು ಅರ್ಧಗಳು ಒಂದರ ಗುಂಯ್ಯನ್ನು ಇನ್ನೊಂದು ಕಳೆಯುತ್ತವೆ. ಒಳಗುಂಡಿಗೆ ತಾಮ್ರದ ಟೇಪ್ ಅಂಟಿಸಿ, ಬ್ರಿಜ್‌ನಿಂದ ಒಂದು ಅರ್ತ್ ವೈರ್ ತನ್ನಿ. ಆಮೇಲೂ ಶಬ್ದವಿದ್ದರೆ ಗಿಟಾರ್ ಬಿಟ್ಟು ಮನೆಯ ಪ್ಲಗ್ ಪಾಯಿಂಟಿನ ಅರ್ತಿಂಗ್ ನೋಡಿಸಿ.

ಬ್ಯಾಟರಿ ಹಾಕುವ ಆ್ಯಕ್ಟಿವ್ ಸರ್ಕೀಟು ಮೊದಲ ಸಲಕ್ಕೆ ಬೇಡ. ವಾಲ್ಯೂಮ್, ಟೋನ್ ತಿರುಗಿಸಲು 250 ಕಿಲೋ ಓಮ್‌ನ ಎರಡು ಪಾಟ್, 0.047 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್, ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಇಷ್ಟವಾಗದಿದ್ದರೆ ಮುಂದಿನ ತಿಂಗಳು ಬದಲಿಸಿ.

ಪಾಲಿಶ್

ಕಾರಿನ ಪೇಂಟ್ ಹೊಡೆಯುವವರ ಬಳಿ ಪಿಯು (ಪಾಲಿಯುರೆಥೇನ್) ಮಾಡಿಸಿದರೆ ಕನ್ನಡಿಯಂತೆ ಬರುತ್ತದೆ, ತಪ್ಪಿದರೆ ಪೂರ್ತಿ ಉಜ್ಜಿ ತೆಗೆಯಬೇಕು. ಎಣ್ಣೆ ಹಚ್ಚುವುದು ಅತಿ ಸುಲಭ, ಗೀರು ಬಿದ್ದಲ್ಲಿ ಮತ್ತೆ ಹಚ್ಚಬಹುದು, ಕಾಪಾಡುವುದು ಮಾತ್ರ ಕಡಿಮೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಲ್ಲಿ ಒರೆಸುವ ಫ್ರೆಂಚ್ ಪಾಲಿಶ್ ನಮ್ಮ ಆಚಾರ್ರಿಗೆ ಕೈಯಭ್ಯಾಸ. ಒಂದು ದಿನ ಜೊತೆಗೆ ಕೂತು ಕಲಿತೆ. ಬಾಡಿಗೆ ಅರಗು, ನೆಕ್ಕಿನ ಹಿಂಬದಿಗೆ ಎಣ್ಣೆ, ಇದು ನನ್ನ ಪದ್ಧತಿ. ಅರಗು ಹಚ್ಚಿದ ನೆಕ್ಕು ಬೆವರಿದ ಕೈಗೆ ಅಂಟುತ್ತದೆ.

ಮಳೆಗಾಲದಲ್ಲಿ ಅರಗು ಹಚ್ಚಿದರೆ ತೇವ ಹಿಡಿದು ಬೆಳ್ಳಗೆ ಮಬ್ಬಾಗುತ್ತದೆ, ದಸರಾ ಕಳೆಯುವವರೆಗೆ ಕಾಯಿರಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಹೋದ ವರ್ಷ ನಾನೂ ಹಾಗೆಯೇ ಕಾದೆ. ಆಯುಧಪೂಜೆಯ ದಿನ ಅಮ್ಮ ರೂಟರ್, ಉಳಿ, ಗರಗಸಗಳ ಜೊತೆ ಬೆಂಚಿನ ಮೇಲಿದ್ದ ಇನ್ನೂ ಪಾಲಿಶ್ ಕಾಣದ ಸಿಲ್ವರ್ ಓಕ್ ಬಾಡಿಗೂ ನೀರಲ್ಲಿ ಕಲಸಿದ ಅರಿಶಿನ ಬಳಿದು ಕುಂಕುಮ ಇಟ್ಟರು. ಮೂರು ಬೇರೆ ಬೇರೆ ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿದೆ, ಅರಿಶಿನ ಎಳೆಯೊಳಗೆ ಇಳಿದಿತ್ತು. ಅರಗಿನ ಬಟ್ಟೆ ತಾಗಿದಾಗ ಸ್ಪಿರಿಟ್ಟಿಗೆ ಕುಂಕುಮ ಕರಗಿ ಅಂಗೈಯಗಲ ಕೆಂಪು ಹರಡಿತು. ಈಗ ಅದು ಬ್ರಿಜ್ಜಿನ ಪಕ್ಕದಲ್ಲಿ ಹಾಗೆಯೇ ಇದೆ, ಸೂರ್ಯಾಸ್ತದ ಬಣ್ಣ ಹೇಗೆ ಕೊಟ್ಟಿರಿ ಎಂದು ಇಬ್ಬರು ಕೇಳಿಯೂ ಆಯಿತು. ನೀವು ಹಬ್ಬಕ್ಕೆ ಮುಂಚೆ ಬಿಸಿಲಿರುವ ಒಂದು ದಿನ ನೋಡಿ ಮೊದಲ ಕೋಟ್ ಮುಗಿಸಿಬಿಡಿ.